ಜುಲೈ ಇಪ್ಪತ್ತು, ಇಪ್ಪತ್ತೊಂದು

ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್‌ನಲ್ಲಿ ನಾನು ಹೋಗುವ ಹಲ್ಲಿನ ಡಾಕ್ಟರು ಈಗಲೂ ಲವಂಗದೆಣ್ಣೆ ಬಳಸುತ್ತಾರೆ. ಬಾಗಿಲು ತೆಗೆದ ಕೂಡಲೇ ವಾಸನೆ ಮುಖಕ್ಕೆ ಬರುತ್ತದೆ. ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಲ್ಲಿಗೆ ಹೋದಾಗ ಕೌಂಟರಿನ ಹುಡುಗಿ ಹೆಸರು ಕೇಳಿದಳು, ಆಮೇಲೆ ಎಲ್ಲರನ್ನೂ ಕೇಳುವಂತೆ ಹುಟ್ಟಿದ ದಿನಾಂಕ ಕೇಳಿದಳು. ಹೇಳಿ ಕುರ್ಚಿಯಲ್ಲಿ ಕೂತೆ. ಕೈಯಲ್ಲಿದ್ದ ಫೋನಿನ ಮೇಲೆ ಒಂದು ಪ್ರಶ್ನೆ ಬಂದು ನಿಂತಿತ್ತು. ಇತಿಹಾಸದಲ್ಲಿ ಈ ದಿನ ನಡೆದದ್ದು ಯಾವುದು ಎಂದು ಕೇಳಿ, ಕೆಳಗೆ ನಾಲ್ಕು ಉತ್ತರ ಕೊಟ್ಟಿದ್ದರು. ಎರಡನೆಯದು ಸರಿಯಾದದ್ದು: ಮನುಷ್ಯ ಚಂದ್ರನ ಮೇಲೆ ಇಳಿದದ್ದು. ಅಂದು ಜುಲೈ ಇಪ್ಪತ್ತು. ನಾನು ಯಾವ ಉತ್ತರವನ್ನೂ ಒತ್ತಲಿಲ್ಲ. ಒತ್ತಬೇಕಾದರೆ ಸಂಜೆಯವರೆಗೆ ಕಾಯಬೇಕು, ಅದು ನನ್ನ ಲೆಕ್ಕ.

ಇಂಥ ಪ್ರಶ್ನೆಗಳನ್ನು ಬರೆಯುವುದೇ ಒಂದು ಕಾಲದಲ್ಲಿ ನನ್ನ ಕೆಲಸವಾಗಿತ್ತು. ಎರಡು ಸಾವಿರನೆಯ ಇಸವಿ. ಸ್ಯಾನ್ ಮಟಿಯೋದಲ್ಲಿ ರೈಲು ಸ್ಟೇಷನ್ನಿಗೆ ಎರಡು ಬೀದಿ ದೂರದಲ್ಲಿ ಒಂದು ಎರಡಂತಸ್ತಿನ ಕಟ್ಟಡ, ಕೆಳಗೆ ಹಲ್ಲಿನ ಆಸ್ಪತ್ರೆ, ಮೇಲೆ ನಮ್ಮ ಆಫೀಸು. ಮೆಟ್ಟಿಲು ಹತ್ತುವಾಗ ಲವಂಗದ ವಾಸನೆ ಮೂಗಿಗೆ ಹತ್ತಿಕೊಂಡು ಮಧ್ಯಾಹ್ನದ ಊಟದವರೆಗೂ ಇರುತ್ತಿತ್ತು. ನಾವು ಹದಿನಾಲ್ಕು ಜನ. ದಿನಕ್ಕೊಂದು ಪ್ರಶ್ನೆಯನ್ನು ಈಮೇಲಿನಲ್ಲಿ ಕಳಿಸುವುದು, ಉತ್ತರ ಕೊಟ್ಟವರಿಗೆ ಅಂಕ ಕೊಡುವುದು, ಇಷ್ಟೇ ಆ ಕಂಪನಿಯ ವ್ಯವಹಾರ. ಇದರಿಂದ ಹಣ ಹೇಗೆ ಬರುತ್ತದೆ ಎಂದು ನಾನು ಒಂದೇ ಸಲ ಕೇಳಿದ್ದೆ. ಕಂಪನಿ ಕಟ್ಟಿದ ಶ್ರೀನಾಥ್, ಬೆಂಗಳೂರಿನವರು, ನಕ್ಕು, ಜನ ಬರಲಿ, ದುಡ್ಡು ತಾನಾಗಿ ಬರುತ್ತದೆ ಅಂದಿದ್ದರು. ಆ ವರ್ಷ ಎಲ್ಲರೂ ಹಾಗೆಯೇ ಅನ್ನುತ್ತಿದ್ದರು. ನನಗೂ ಅದು ಉತ್ತರದಂತೆಯೇ ಕೇಳಿಸಿತು.

ಮೈಸೂರಿನ ಕಾಲೇಜಿನಲ್ಲಿ ನಾಲ್ಕು ವರ್ಷ ಇತಿಹಾಸ ಪಾಠ ಮಾಡಿ, ಮದುವೆಯಾಗಿ ಇಲ್ಲಿಗೆ ಬಂದು, ಸ್ಯಾನ್ ಹೋಸೆಯಲ್ಲಿ ಲೈಬ್ರರಿ ವಿಜ್ಞಾನ ಓದಿದವಳು ನಾನು. ಪ್ರಶ್ನೆ ಬರೆಯುವವರು ಇಬ್ಬರು ಇದ್ದರು, ಪರೀಕ್ಷಿಸುವವಳು ನಾನೊಬ್ಬಳೇ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮುನ್ನೂರ ಅರವತ್ತಾರು ಬಿಳಿ ಕಾರ್ಡುಗಳು, ದಿನಕ್ಕೊಂದು. ಮೇಲೆ ದಿನಾಂಕ, ನಡುವೆ ಘಟನೆ, ಕೆಳಗೆ ಎರಡು ಗೆರೆ. ಆ ಎರಡು ಗೆರೆಗಳಲ್ಲಿ ಎರಡು ಬೇರೆ ಬೇರೆ ಪುಸ್ತಕಗಳ ಹೆಸರು, ಪುಟ ಬರೆಯದೆ ಯಾವ ಪ್ರಶ್ನೆಯೂ ಹೊರಗೆ ಹೋಗುವಂತಿಲ್ಲ. ಈ ನಿಯಮ ನಾನೇ ಮಾಡಿದ್ದು. ಎರಡು ಆಧಾರ ಎಂದು ಅದಕ್ಕೆ ಆಫೀಸಿನಲ್ಲಿ ಹೆಸರು ಬಿದ್ದಿತ್ತು. ಕನ್ನಡ ಬಾರದವರೂ ನನ್ನನ್ನು ಕಂಡರೆ “ಎರಡು ಆಧಾರ” ಎಂದು ಎರಡು ಬೆರಳು ತೋರಿಸುತ್ತಿದ್ದರು. ಅವರಿಗೆ ಅದನ್ನು ಕಲಿಸಿದವನು ನಂಜುಂಡ.

ನಂಜುಂಡ ಪ್ರೋಗ್ರಾಮರ್. ಮಳವಳ್ಳಿಯ ಕಡೆಯ ಹಳ್ಳಿಯವನು. ನಾನು ಬರೆದ ಪ್ರಶ್ನೆಯನ್ನು ಬೆಳಗಿನ ಐದು ಗಂಟೆಗೆ ಸಾವಿರಾರು ಜನರಿಗೆ ತಾನೇ ತಾನಾಗಿ ಹೋಗುವಂತೆ ಮಾಡಿದ್ದು ಅವನು. ದಿನಾ ಒಂಬತ್ತಕ್ಕೆ ಕಾಫಿ ಲೋಟ ಹಿಡಿದು ನನ್ನ ಮೇಜಿಗೆ ಬಂದು ಒಂದೇ ಮಾತು ಕೇಳುತ್ತಿದ್ದ.

“ಮೇಷ್ಟ್ರಮ್ಮ, ಇವತ್ತು ಯಾರನ್ನ ಸಾಯ್ಸುದ್ರಿ?”

ಇತಿಹಾಸದ ದಿನಾಂಕಗಳಲ್ಲಿ ಮುಕ್ಕಾಲು ಭಾಗ ಸಾವೇ ಇರುತ್ತದೆ, ಅವನ ತಪ್ಪಲ್ಲ. ಇವತ್ತು ಯಾರೂ ಸತ್ತಿಲ್ಲ, ಒಂದು ಸೇತುವೆ ತೆರೆಯಿತು ಅಂದರೆ, ಪರವಾಗಿಲ್ಲ ಒಳ್ಳೇ ದಿನ ಎಂದು ಹೇಳಿ ಹೋಗುತ್ತಿದ್ದ. ಮಧ್ಯಾಹ್ನ ಅವನ ಹೆಂಡತಿ ಮಂಗಳ ಕಟ್ಟಿಕೊಟ್ಟ ಉಪ್ಸಾರನ್ನು ಮೈಕ್ರೋವೇವಿನಲ್ಲಿಟ್ಟರೆ ಕೆಳಗಿನ ಲವಂಗವೂ ಸೋಲುತ್ತಿತ್ತು. ನನಗೂ ಒಂದು ಡಬ್ಬಿ ಇರುತ್ತಿತ್ತು. ಅಪಾರ್ಟ್‌ಮೆಂಟಿನಲ್ಲಿ ಗಂಡ ಹೆಂಡತಿ ಜೊತೆಗೆ ಐದು ವರ್ಷದ ಮಗಳು. ಅವಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು.

ಆ ವಸಂತದಲ್ಲಿ ನಂಜುಂಡನ ಗ್ರೀನ್ ಕಾರ್ಡು ಕೊನೆಯ ಹಂತಕ್ಕೆ ಬಂದಿತ್ತು. ಕೆಲಸದ ವೀಸಾ ಆರು ವರ್ಷಕ್ಕೆ ಮಾತ್ರ, ಅವನದು ಮರುವರ್ಷ ಮೇ ತಿಂಗಳಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಕೊನೆಯ ಅರ್ಜಿ ಒಳಗೆ ಹೋಗಿರಬೇಕು. ಎಲ್ಲ ಕಾಗದವೂ ಸಿದ್ಧವಿತ್ತು, ಜನನ ಪ್ರಮಾಣಪತ್ರ ಒಂದನ್ನು ಬಿಟ್ಟು. ಹಳ್ಳಿಯಲ್ಲಿ ಅವನ ಹುಟ್ಟನ್ನು ಯಾರೂ ಬರೆದಿಟ್ಟಿರಲಿಲ್ಲ. ಶಾಲೆಗೆ ಸೇರಿಸುವ ದಿನ ಹೆಡ್‌ಮೇಷ್ಟ್ರು ಬೆಂಚಿನ ಮೇಲೆ ಕೂತ ಮಕ್ಕಳಿಗೆಲ್ಲ ಜೂನ್ ಒಂದು ಎಂದು ಬರೆದುಕೊಂಡರು. ಅವನ ತರಗತಿಯಲ್ಲಿ ಹನ್ನೊಂದು ಜನ ಜೂನ್ ಒಂದರಂದು ಹುಟ್ಟಿದವರು. ಆ ಜೂನ್ ಒಂದು ಮಾರ್ಕ್ಸ್ ಕಾರ್ಡಿಗೆ ಹೋಯಿತು, ಪಾಸ್‌ಪೋರ್ಟಿಗೆ ಹೋಯಿತು. ಪ್ರಮಾಣಪತ್ರ ಇಲ್ಲದವರು ಹುಟ್ಟಿದ್ದನ್ನು ಬಲ್ಲ ಇಬ್ಬರು ಹಿರಿಯರಿಂದ ಅಫಿಡವಿಟ್ ತರಿಸಬಹುದು ಎಂದು ಲಾಯರು ಒಂದು ಮಾದರಿ ಕೊಟ್ಟಿದ್ದರು. ನಂಜುಂಡ ಅದನ್ನು ತಾಯಿಗೂ ಸೋದರಮಾವನಿಗೂ ಕಳಿಸಿದ. ಮಾವ ಸಹಿ ಹಾಕಲು ಒಪ್ಪಿದರು. ತಾಯಿ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. ಓದಿ ಹೇಳಿಸಿಕೊಂಡು, ಇದು ನಾನು ಹೆತ್ತ ದಿನ ಅಲ್ಲ ಅಂದುಬಿಟ್ಟರಂತೆ.

ನಂಜುಂಡ ಒಂದು ಬೆಳಿಗ್ಗೆ ಕಾಫಿ ಇಲ್ಲದೆ ನನ್ನ ಮೇಜಿಗೆ ಬಂದ. “ನಮ್ಮವ್ವ ನಾನು ಏಳುದ್ರೆ ಕೇಳಲ್ಲ. ನೀವು ಮೇಷ್ಟ್ರಮ್ಮ ಅಲ್ವಾ, ಒಂದ್ ಮಾತೇಳಿ.”

ಮೇ ತಿಂಗಳ ಕೊನೆಯ ಒಂದು ಭಾನುವಾರ ಸಂಜೆ ಅವನ ಅಪಾರ್ಟ್‌ಮೆಂಟಿಗೆ ಹೋದೆ. ಅಲ್ಲಿ ಊರಿನಲ್ಲಿ ಸೋಮವಾರದ ಬೆಳಿಗ್ಗೆ. ಬೆಟ್ಟದ ಮೇಲಿಂದ ಮಂಜು ಇಳಿಯುತ್ತಿತ್ತು, ಮಂಗಳ ಕಿಟಕಿ ಮುಚ್ಚಿದಳು. ಕಾಲಿಂಗ್ ಕಾರ್ಡಿನ ಹನ್ನೆರಡು ಅಂಕಿ ಒತ್ತಿ ಫೋನನ್ನು ಸ್ಪೀಕರಿಗೆ ಹಾಕಿದರು. ನಾನು ನಮಸ್ಕಾರ ಹೇಳಿ ವಿಷಯ ಎತ್ತುವ ಮೊದಲೇ ಆ ಹೆಂಗಸು ಶುರು ಮಾಡಿದರು.

“ನೋಡವ್ವ, ಎತ್ತೋಳು ನಾನು. ಜೂನಂತೆ ಜೂನು. ಆಸಾಡ ಕನವ್ವ ಅದು. ನಮ್ಮವ್ವನ ಮನೇಲಿ. ಇವನ್ನ ಇನ್ನೂ ತೊಳುದಿರ್ನಿಲ್ಲ, ಸೊಸೈಟಿ ತಾವ ರೇಡಿಯಾದಲ್ಲಿ ಚಂದ್ರನ ಮ್ಯಾಲೆ ಮನುಸ ಇಳುದ್ಬುಟ್ಟ ಅಂತ ಏಳುದ್ರು. ನಮ್ಮವ್ವ ಅಳ್ತಾ ಕೂತ್ಕತ್ತು, ಕಾಲಲ್ಲಿ ಕೆರ ಆಕ್ಕಂಡು ದ್ಯಾವ್ರ ಮ್ಯಾಲೆ ನಿಂತವ್ನಲ್ಲ ಅಂತ. ಸಂಜೆಗೆ ಅರ್ದ ಚಂದ್ರ. ಊರೆಲ್ಲಾ ಬೀದೀಲಿ ನಿಂತ್ಕಂಡು ನೋಡ್ತು. ನಾನು ಮಂಚದ ಮ್ಯಾಗಿಂದ್ಲೇ ನೋಡ್ದೆ.”

ನನ್ನ ಮೈ ಜುಮ್ಮೆಂದಿತು. ಇದನ್ನು ಒಪ್ಪಿಕೊಳ್ಳಬೇಕು. ನಾಲ್ಕು ವರ್ಷ ಪಾಠ ಮಾಡಿ, ಎರಡು ವರ್ಷ ಕಾರ್ಡು ಬರೆದು, ಒಬ್ಬ ಸಾಕ್ಷಿಯ ಬಾಯಿಂದ ಇಷ್ಟು ನೇರವಾಗಿ ಒಂದು ದಿನಾಂಕ ಹೊರಗೆ ಬಂದದ್ದನ್ನು ನಾನು ಕೇಳಿರಲಿಲ್ಲ. ಬುದ್ಧಿ ಹೇಳಲು ಹೋದವಳು ಅವರ ಪಕ್ಷ ಸೇರಿ, ಸುಳ್ಳು ದಿನಕ್ಕೆ ಒತ್ತಬೇಡಿ ಎಂದು ಅವರಿಗೇ ಹೇಳಿಬಿಟ್ಟೆ. ಫೋನು ಇಟ್ಟ ಮೇಲೆ ನಂಜುಂಡನಿಗೆ, ನಿನ್ನ ನಿಜವಾದ ದಿನಾಂಕ ಸಿಗುತ್ತದೆ, ನಾನು ಹುಡುಕಿಕೊಡುತ್ತೇನೆ ಅಂದೆ. ಅವನಿಗೂ ಕಣ್ಣು ಅಗಲವಾಯಿತು. ಮಂಗಳ ಮಗಳ ತಲೆ ಬಾಚುತ್ತಾ ಕೂತಿದ್ದಳು. ಬಾಚಣಿಗೆ ನಿಲ್ಲಿಸಿ ಕೇಳಿದಳು.

“ಅಕ್ಕಾ, ಪಾಸ್‌ಪೋರ್ಟಲ್ಲಿ ಇರೋದನ್ನೇ ಬರುದ್ರೆ ಆಗಲ್ವಾ? ಅತ್ತೇನ ನಾನು ಒಪ್ಪುಸ್ತೀನಿ.”

ಸುಳ್ಳು ಎಂದು ಗೊತ್ತಿದ್ದೂ ವಯಸ್ಸಾದವರ ಕೈಲಿ ಪ್ರಮಾಣ ಮಾಡಿಸಬಾರದು ಎಂದು ನಾನು ಹೇಳಿದೆ. ಶಾಲೆಯ ದಿನಾಂಕ ಬೇರೆ ಇರುವುದು ನಮ್ಮ ಕಡೆ ಮಾಮೂಲು, ಲಾಯರಿಗೆ ತಿಳಿಸಿ ಹೇಳಿದರೆ ಆಯಿತು ಎಂದೂ ಹೇಳಿದೆ. ಈ ಎರಡು ವಾಕ್ಯಗಳನ್ನು ನಾನು ಹೇಳಿದ ಕ್ರಮದಲ್ಲೇ ಬರೆದಿದ್ದೇನೆ. ಮಂಗಳ ಮತ್ತೆ ಬಾಚತೊಡಗಿದಳು. ನಾನು ಮೈಸೂರಿನ ಆಸ್ಪತ್ರೆಯಲ್ಲಿ ಹುಟ್ಟಿದವಳು. ನನ್ನ ಜನನ ಪ್ರಮಾಣಪತ್ರದಲ್ಲಿ ದಿನ ಇದೆ, ಜಾತಕದಲ್ಲಿ ನಿಮಿಷವೂ ಇದೆ. ಎರಡು ಆಧಾರ ನನಗೆ ಹುಟ್ಟಿನಿಂದಲೇ ಇದ್ದವು. ಇಲ್ಲದವರ ಮನೆಯಲ್ಲಿ ಕೂತು ಮಾತಾಡುತ್ತಿದ್ದೇನೆ ಎಂಬುದು ಆ ಸಂಜೆ ನನಗೆ ಹೊಳೆಯಲಿಲ್ಲ.

ಮುಂದಿನ ಶನಿವಾರ ಬರ್ಕ್ಲಿಗೆ ಹೋದೆ. ಅಲ್ಲಿನ ಲೈಬ್ರರಿಯಲ್ಲಿ ಕನ್ನಡದ ಹಳೆಯ ಪಂಚಾಂಗಗಳ ಒಂದು ಕಟ್ಟು ಇರುವುದು ನನಗೆ ಗೊತ್ತಿತ್ತು. ಅರವತ್ತೊಂಬತ್ತನೆಯ ಇಸವಿಯದು ಸಿಕ್ಕಿತು, ಅಂಚು ಪುಡಿಯಾಗಿತ್ತು. ಆಷಾಢದ ಪುಟ ತೆರೆದೆ. ಜುಲೈ ಇಪ್ಪತ್ತು, ಭಾನುವಾರ, ಶುದ್ಧ ಷಷ್ಠಿ. ಅಂದರೆ ಹೆಚ್ಚುಕಡಿಮೆ ಅರ್ಧ ಚಂದ್ರ. ತಾಯಿ ಹೇಳಿದ್ದಕ್ಕೆ ಸರಿಹೋಯಿತು. ಚಂದ್ರನ ಮೇಲೆ ಇಳಿದ ದಿನ ಯಾವುದೆಂದು ನಾನು ಎಲ್ಲೂ ಹುಡುಕಬೇಕಾಗಿರಲಿಲ್ಲ. ಅದು ನನ್ನದೇ ಪೆಟ್ಟಿಗೆಯಲ್ಲಿ, ನನ್ನದೇ ಅಕ್ಷರದಲ್ಲಿ, ಎರಡು ಪುಸ್ತಕಗಳ ಆಧಾರದ ಸಮೇತ ಜುಲೈ ಇಪ್ಪತ್ತರ ಕಾರ್ಡಿನಲ್ಲಿ ಇತ್ತು. ಒಂದು ಹೊಸ ಕಾರ್ಡು ತೆಗೆದು ಮೇಲೆ ಜುಲೈ ಇಪ್ಪತ್ತು ಎಂದು ಬರೆದೆ. ನಡುವೆ, ನಂಜುಂಡ ಹುಟ್ಟಿದ. ಕೆಳಗೆ ಮೊದಲ ಗೆರೆಯಲ್ಲಿ ತಾಯಿ, ಎರಡನೆಯದರಲ್ಲಿ ಪಂಚಾಂಗ. ಅದನ್ನು ಅವನ ಕೀಬೋರ್ಡಿನ ಮೇಲೆ ಇಟ್ಟೆ. ಅವನು ಅದನ್ನು ಕಂಪ್ಯೂಟರಿಗೆ ಅಂಟಿಸಿಕೊಂಡ. ಆ ವಾರ ಬಂದವರಿಗೆಲ್ಲ, ಚಂದ್ರನ ಮೇಲೆ ಮೊದಲು ಇಳಿದವನು ತಾನೇ ಎಂದು ಹೇಳಿಕೊಂಡು ಓಡಾಡಿದ.

ಅಫಿಡವಿಟ್ಟುಗಳನ್ನು ನಾನೇ ಟೈಪು ಮಾಡಿಕೊಟ್ಟೆ. ಜೂನ್ ಮಧ್ಯದಲ್ಲಿ ಕೊರಿಯರ್ ಹೋಯಿತು. ತಾಯಿ ಯಾವ ತಕರಾರೂ ಇಲ್ಲದೆ ಮಳವಳ್ಳಿಗೆ ಬಂದು ನೋಟರಿಯ ಮುಂದೆ ಹೆಬ್ಬೆಟ್ಟು ಒತ್ತಿದರು. ಜುಲೈ ಎರಡನೆಯ ವಾರ ಕಾಗದಗಳು ವಾಪಸು ಬಂದು ಲಾಯರ ಕೈ ಸೇರಿದವು. ಬೇಸಿಗೆಯಾದರೂ ಸ್ಯಾನ್ ಮಟಿಯೋದಲ್ಲಿ ಮಧ್ಯಾಹ್ನ ಮೂರಾದರೆ ಸಮುದ್ರದ ಕಡೆಯ ಕಣಿವೆಯಿಂದ ಗಾಳಿ ನುಗ್ಗಿ ಪಾರ್ಕಿಂಗ್ ಲಾಟಿನ ಕಾಗದವನ್ನೆಲ್ಲ ಬೇಲಿಗೆ ಅಂಟಿಸುತ್ತಿತ್ತು. ಆ ಗಾಳಿಗೆ ನಾವಿಬ್ಬರೂ ಸ್ವೆಟರು ಹಾಕಿಕೊಂಡು ಹೊರಗೆ ನಿಂತು ಡಬ್ಬಿ ತೊಳೆಯುತ್ತಿದ್ದುದು ನೆನಪಿದೆ. ಅವನು ಖುಷಿಯಲ್ಲಿದ್ದ. ಮಗಳನ್ನು ಯಾವ ಶಾಲೆಗೆ ಹಾಕುವುದು ಎಂದು ಕೇಳುತ್ತಿದ್ದ.

ಜುಲೈ ಇಪ್ಪತ್ತು ಗುರುವಾರ ಬಂತು. ಬೆಳಿಗ್ಗೆ ಐದಕ್ಕೆ ಪ್ರಶ್ನೆ ಹೋಯಿತು. ಒಂಬತ್ತೂವರೆಗೆ ಉತ್ತರಗಳ ಪೆಟ್ಟಿಗೆ ತೆರೆದೆ. ಆಸ್ಟ್ರೇಲಿಯಾದಿಂದ ಒಬ್ಬ ಹೆಂಗಸು ಬರೆದಿದ್ದಳು. ನಿಮ್ಮ ಪ್ರಶ್ನೆಯಲ್ಲಿ ದಿನಾಂಕ ತಪ್ಪಿದೆ, ಅವತ್ತು ನಾನು ಶಾಲೆಯಲ್ಲಿದ್ದೆ, ಸೋಮವಾರ, ಇಪ್ಪತ್ತೊಂದನೇ ತಾರೀಕು, ಊಟದ ಹೊತ್ತಿಗೆ ಎಲ್ಲರನ್ನೂ ಟೀವಿಯ ಮುಂದೆ ಕೂರಿಸಿದರು, ಎಂದು.

ಶ್ರೀನಾಥ್ ನನ್ನ ಹಿಂದೆ ನಿಂತು ಓದಿದರು. “ಬಿಡಿ ಮೇಡಮ್. ಅಮೆರಿಕಾದ್ ಟೈಮೇ ಟೈಮು. ಒಂದು ಸಾರಿ ಥ್ಯಾಂಕ್ಸ್ ಅಂತ ಹಾಕಿ, ಮುಗೀತು.”

ನಾನು ಥ್ಯಾಂಕ್ಸ್ ಹಾಕಿದೆ. ಆಮೇಲೆ ಒಂದು ಚೀಟಿ ತೆಗೆದುಕೊಂಡು ಕೂಡಿಸಿದೆ. ಚಂದ್ರನ ನೆಲಕ್ಕೆ ಕಾಲಿಟ್ಟಾಗ ಕ್ಯಾಲಿಫೋರ್ನಿಯಾದಲ್ಲಿ ಇಪ್ಪತ್ತರ ಸಂಜೆ, ಎಂಟಕ್ಕೆ ನಾಲ್ಕು ನಿಮಿಷ ಇತ್ತು. ಅದಕ್ಕೆ ಹನ್ನೆರಡೂವರೆ ಗಂಟೆ. ಮೈಸೂರಿನಲ್ಲಿದ್ದ ಅಮ್ಮನಿಗೆ ಫೋನ್ ಮಾಡುವಾಗ ಪ್ರತಿ ವಾರ ನಾನು ಬೆರಳಲ್ಲಿ ಎಣಿಸುತ್ತಿದ್ದ ಅದೇ ಹನ್ನೆರಡೂವರೆ ಗಂಟೆ. ಹಳ್ಳಿಯ ಸೊಸೈಟಿಯ ರೇಡಿಯೋ ಮಾತಾಡಿದಾಗ ಅಲ್ಲಿ ಇಪ್ಪತ್ತೊಂದರ ಬೆಳಿಗ್ಗೆ ಆಗಿತ್ತು. ಆ ತಾಯಿ ಒಂದೂ ತಪ್ಪು ಹೇಳಿರಲಿಲ್ಲ. ಅರ್ಧ ಚಂದ್ರ ಎರಡು ದಿನಕ್ಕೂ ಹೊಂದುತ್ತದೆ. ಇಪ್ಪತ್ತು ಎಂದು ಬರೆದವಳು ನಾನು, ಅವರು ನಂಬಿ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಸುಳ್ಳು ಪ್ರಮಾಣ ಬೇಡ ಎಂದು ಹೇಳಿ ನಾನೇ ಒಂದನ್ನು ಮಾಡಿಸಿದ್ದೆ.

ತಲೆ ಎತ್ತಿದಾಗ ನಂಜುಂಡ ಎದುರಿಗೆ ಇದ್ದ. ಅವತ್ತು ಅವನ ಹೊಸ ಹುಟ್ಟುಹಬ್ಬ, ಎಲ್ಲರಿಗೂ ಒಂದು ಡಬ್ಬಿ ಮೈಸೂರುಪಾಕು ತಂದಿದ್ದ. ನಾನು ಒಂದು ತುಂಡು ತೆಗೆದುಕೊಂಡೆ.

ಅವತ್ತು ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಒಂದು ದಿನದ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತದೆ ಎಂದು ಒಮ್ಮೆ, ಹೇಳಿದರೆ ಎಲ್ಲ ಮತ್ತೆ ಮೊದಲಿಂದ ಆಗಬೇಕಲ್ಲ ಎಂದು ಒಮ್ಮೆ, ಹೀಗೆ ಹನ್ನೆರಡು ದಿನ ಕಳೆದೆ. ಆ ದಿನಗಳಲ್ಲಿ ನಾನು ಹೊರಗೆ ಕಳಿಸಿದ ಹನ್ನೆರಡು ಪ್ರಶ್ನೆಗಳಲ್ಲಿ ಪ್ರತಿಯೊಂದಕ್ಕೂ ಎರಡು ಆಧಾರ ಇತ್ತು.

ಆಗಸ್ಟ್ ಒಂದರಂದು ಲಾಯರು ಫೋನ್ ಮಾಡಿದರು. ಅವರಿಗೆ ಚಂದ್ರನ ವಿಷಯ ಬೇಕಾಗಿರಲಿಲ್ಲ. ಪಾಸ್‌ಪೋರ್ಟಿನಲ್ಲಿ ಜೂನ್ ಒಂದು, ತಾಯಿಯ ಪ್ರಮಾಣದಲ್ಲಿ ಜುಲೈ ಇಪ್ಪತ್ತು, ಇದನ್ನು ಹೀಗೆ ಕಳಿಸಿದರೆ ಬರೀ ಪ್ರಶ್ನೆಗಳೇ ಬರುತ್ತವೆ, ನಾನು ಕಳಿಸುವುದಿಲ್ಲ, ಪಾಸ್‌ಪೋರ್ಟಿನಂತೆ ಹೊಸದಾಗಿ ಮಾಡಿಸಿ ತರಿಸಿ ಅಂದರು. ಮೇ ತಿಂಗಳಲ್ಲಿ ಮಂಗಳ ಹೇಳಿದ್ದ ಮಾತನ್ನೇ ಅವರು ಹೇಳಿದ್ದು. ನಂಜುಂಡ ಅದನ್ನು ನನ್ನ ಮೇಜಿಗೆ ಬಂದು ವರದಿ ಮಾಡಿದ. ಆಗ ನಾನು ಉಳಿದದ್ದನ್ನೂ ಹೇಳಿದೆ. ಆಸ್ಟ್ರೇಲಿಯಾದ ಪತ್ರ, ಹನ್ನೆರಡೂವರೆ ಗಂಟೆ, ನಾನು ಸುಮ್ಮನಿದ್ದ ಹನ್ನೆರಡು ದಿನ.

ಅವನು ನಕ್ಕ. “ಅಲ್ಲಾ ಮೇಷ್ಟ್ರಮ್ಮ, ಒಂದು ಹುಟ್ಟಿದಬ್ಬಕ್ಕೂ ಗತಿ ಇಲ್ದಿದ್ದೋನ್ಗೆ ಮೂರಾಯ್ತಲ್ಲ.”

ಅವನು ಬೈದಿದ್ದರೆ ನಾನು ಇದನ್ನು ಇಷ್ಟು ವರ್ಷ ಹೊತ್ತುಕೊಳ್ಳುತ್ತಿರಲಿಲ್ಲವೇನೋ. ಗೊತ್ತಿಲ್ಲ.

ಹೊಸ ಕಾಗದ ಆಗಸ್ಟ್ ಮಧ್ಯದಲ್ಲಿ ಹೋಯಿತು. ಅದು ಊರು ಮುಟ್ಟಿದ ವಾರವೇ ಸೋದರಮಾವ ತೀರಿಕೊಂಡರು. ಹೊಲದಲ್ಲಿ ಕೂತವರು ಹಾಗೇ ಒರಗಿದರಂತೆ. ತಿಥಿ ಮುಗಿಯುವವರೆಗೆ ಯಾರೂ ಕಾಗದದ ಮಾತೆತ್ತುವ ಹಾಗಿರಲಿಲ್ಲ. ಆಮೇಲೆ, ಅವನ ಹುಟ್ಟನ್ನು ಬಲ್ಲ ಇನ್ನೊಬ್ಬ ಹಿರಿಯರನ್ನು ಹುಡುಕಬೇಕಾಯಿತು. ಕನಕಪುರದ ಕಡೆ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ದೊಡ್ಡಮ್ಮ ಒಬ್ಬರು ಸಿಕ್ಕಿದರು. ಅವರು ಎದ್ದು ಕೂರುವಷ್ಟು ಸುಧಾರಿಸಿ ನೋಟರಿ ಅಲ್ಲಿಗೆ ಹೋಗುವ ಹೊತ್ತಿಗೆ ಅಕ್ಟೋಬರ್ ಮುಗಿಯುತ್ತಿತ್ತು. ಇಲ್ಲಿ ಬೆಟ್ಟಗಳು ಸಿಂಹದ ಬಣ್ಣಕ್ಕೆ ತಿರುಗಿ, ಎಲ್ಲಿ ನೋಡಿದರೂ ಒಣ ಹುಲ್ಲು. ಫ್ರೀವೇಯಲ್ಲಿ ಹೋಗುವಾಗ ನಾನು ಆ ಬೆಟ್ಟಗಳನ್ನೇ ನೋಡಿಕೊಂಡು ವಾರಗಳನ್ನು ಎಣಿಸುತ್ತಿದ್ದೆ.

ಉಳಿದದ್ದು ತಾಯಿಯ ಹೆಬ್ಬೆಟ್ಟು. ಈ ಸಲವೂ ನಾನು ಮಾತಾಡಬೇಕು ಎಂದು ನಾನೇ ಕೇಳಿಕೊಂಡೆ. ತಪ್ಪು ನನ್ನದು, ಇಪ್ಪತ್ತು ಎಂದು ಬರೆಸಿದ್ದು ನಾನು, ನೀವು ಹೇಳಿದ್ದು ಸರಿಯಾಗಿಯೇ ಇತ್ತು ಎಂದು ಅವರಿಗೆ ಹೇಳಿದೆ. ಅವರಿಗೆ ಇಪ್ಪತ್ತು ಇಪ್ಪತ್ತೊಂದರ ಲೆಕ್ಕ ಹತ್ತಲಿಲ್ಲ.

“ತಾರೀಕು ನಂಗೊತ್ತಿಲ್ಲ ಕನವ್ವ. ಸೋಮವಾರ. ಸೋಮವಾರ ಉಟ್ತು ಅಂತಾನೇ ಅಲ್ವಾ ನಂಜುಂಡ ಅಂತ ಎಸರು ಮಡ್ಗುದ್ದು.”

ನಾನು ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದೆ. ಸೋಮವಾರ ಶಿವನ ದಿನ, ಅಂದು ಹುಟ್ಟಿದ ಗಂಡುಮಗುವಿಗೆ ನಂಜನಗೂಡಿನ ಸ್ವಾಮಿಯ ಹೆಸರು. ಮೈಸೂರಿನವಳಾದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬರ್ಕ್ಲಿಯ ಪಂಚಾಂಗದಲ್ಲಿ ಇಪ್ಪತ್ತರ ಪಕ್ಕದಲ್ಲಿ ಭಾನುವಾರ ಎಂದು ಓದಿದವಳು ನಾನು. ಕೆಳಗಿನ ಸಾಲಿನಲ್ಲಿ ಸೋಮವಾರ ಇತ್ತು. ಎರಡು ವರ್ಷ ದಿನಾ ಬೆಳಿಗ್ಗೆ ಆ ಹೆಸರು ಹಿಡಿದು ಕರೆದಿದ್ದೆ. ಆಧಾರ ಹುಡುಕಿಕೊಂಡು ಫ್ರೀವೇ ಹತ್ತಿ ಕೊಲ್ಲಿ ದಾಟಿ ಹೋದವಳಿಗೆ ಎದುರಿಗೆ ಕಾಫಿ ಹಿಡಿದು ನಿಂತಿದ್ದ ಆಧಾರ ಕಾಣಲಿಲ್ಲ.

“ಈಗ ಯಾವ್ದುಕ್ಕೆ ಒತ್ಬೇಕು ಏಳವ್ವ,” ಅಂದರು ತಾಯಿ.

ಜೂನ್ ಒಂದಕ್ಕೆ ಎಂದು ನಾನು ಹೇಳಿದೆ.

“ಸುಳ್ಳು ಒತ್ಬಾರ್ದು ಅಂತ ನೀನೂ ಏಳಿದ್ದಲ್ಲವ್ವ.” ಅವರ ದನಿಯಲ್ಲಿ ಆಕ್ಷೇಪ ಇರಲಿಲ್ಲ, ಬರೀ ಕೇಳಿದ್ದು. ಆಮೇಲೆ ಅವರೇ ಹೇಳಿದರು. “ಓಗ್ಲಿ ಬುಡು. ಮಗ ಇರ್ಬೇಕು ಅಂದ್ರೆ ಒತ್ತೀನಿ.”

ಅರ್ಜಿ ನವೆಂಬರ್ ಎರಡನೆಯ ವಾರ ಒಳಗೆ ಹೋಯಿತು. ಅವತ್ತು ಆ ವರ್ಷದ ಚಳಿಗಾಲದ ಮೊದಲ ದೊಡ್ಡ ಮಳೆ. ಆಫೀಸಿನ ಮೆಟ್ಟಿಲ ಮೇಲೆ ಒದ್ದೆ ಛತ್ರಿಗಳನ್ನು ಸಾಲಾಗಿ ಬಿಡಿಸಿ ಇಟ್ಟಿದ್ದರು, ಲವಂಗದ ಜೊತೆ ಒದ್ದೆ ಬಟ್ಟೆಯ ವಾಸನೆ. ಆ ಹೊತ್ತಿಗೆ ಸುತ್ತಲಿನ ಕಂಪನಿಗಳು ಒಂದೊಂದಾಗಿ ಮುಚ್ಚತೊಡಗಿದ್ದವು. ಎದುರು ಕಟ್ಟಡದಿಂದ ಒಂದು ದಿನ ಕುರ್ಚಿಗಳನ್ನು ಲಾರಿಗೆ ತುಂಬಿದರು. ಶ್ರೀನಾಥ್ ಮೀಟಿಂಗಿನಲ್ಲಿ ನಮ್ಮದು ಬೇರೆ ಅಂದರು. ಲಾಯರು ನಂಜುಂಡನಿಗೆ ಹೊಸದಾಗಿ ಬಂದ ಒಂದು ನಿಯಮ ತಿಳಿಸಿದ್ದರು. ಅರ್ಜಿ ಒಳಗೆ ಹೋಗಿ ಆರು ತಿಂಗಳು ಕಳೆದರೆ, ಕಂಪನಿ ಮುಚ್ಚಿದರೂ ಇನ್ನೊಂದು ಕೆಲಸ ಹಿಡಿದು ಅದೇ ಅರ್ಜಿಯಲ್ಲಿ ಮುಂದುವರಿಯಬಹುದು. ಆರು ತಿಂಗಳ ಒಳಗೆ ಮುಚ್ಚಿದರೆ ಇಲ್ಲ. ನವೆಂಬರಿನಿಂದ ಆರು ತಿಂಗಳು ಅಂದರೆ ಮೇ. ಅವನು ಕಂಪ್ಯೂಟರಿಗೆ ಅಂಟಿಸಿದ್ದ ಕಾರ್ಡಿನ ಪಕ್ಕದಲ್ಲಿ ಒಂದು ಕ್ಯಾಲೆಂಡರ್ ಹಾಕಿಕೊಂಡ. ನಾನು ಆ ಕಡೆ ಹೋಗುವುದನ್ನು ಕಡಿಮೆ ಮಾಡಿದೆ.

ಮಾರ್ಚ್ ತಿಂಗಳ ಒಂದು ಶುಕ್ರವಾರ ಹನ್ನೆರಡು ಗಂಟೆಗೆ ಶ್ರೀನಾಥ್ ಎಲ್ಲರನ್ನೂ ಕರೆದರು. ಬೆಟ್ಟಗಳು ಹಸಿರಾಗಿದ್ದವು, ಹೊರಗೆ ಖಾಲಿ ಸೈಟಿನಲ್ಲಿ ಸಾಸಿವೆ ಹಳದಿಗೆ ತಿರುಗಿತ್ತು. ಅವರು ಎರಡೇ ನಿಮಿಷ ಮಾತಾಡಿ, ಕಂಪನಿ ಇವತ್ತಿಗೆ ಮುಚ್ಚುತ್ತಿದೆ ಅಂದರು. ಮೂರು ಗಂಟೆಗೆ ಎಲ್ಲರೂ ಹೊರಡಬೇಕಿತ್ತು. ನಂಜುಂಡ ಕೊನೆಯ ಕೆಲಸವಾಗಿ ಬೆಳಗಿನ ಐದರ ಈಮೇಲನ್ನು ನಿಲ್ಲಿಸಿದ. ಆಮೇಲೆ ನನ್ನ ಮೇಜಿಗೆ ಬಂದ.

“ನಾಳೆ ಯಾರ್ ಸಾಯೋರಿದ್ರು ಮೇಷ್ಟ್ರಮ್ಮ?”

ನಾಳೆಯ ಕಾರ್ಡು ತೆಗೆದು ನೋಡಿ, ಯಾರೂ ಇಲ್ಲ, ಒಂದು ರೈಲು ಮಾರ್ಗ ಶುರುವಾಗುವುದಿತ್ತು ಅಂದೆ.

“ಪರವಾಗಿಲ್ಲ, ಒಳ್ಳೇ ದಿನ,” ಅಂದ.

ಅರ್ಜಿ ಒಳಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಜುಲೈ ಕೊನೆಗೆ ಹೋಗಿದ್ದರೆ ಜನವರಿ ಕೊನೆಗೆ ಆರು ತಿಂಗಳು ತುಂಬುತ್ತಿತ್ತು. ಈ ಕಳೆಯುವ ಲೆಕ್ಕವನ್ನು ನಾನು ಎಷ್ಟು ಸಲ ಮಾಡಿದ್ದೇನೆಂದು ಹೇಳಲಾರೆ, ಉತ್ತರ ಬದಲಾಗಿಲ್ಲ. ಜುಲೈನಲ್ಲಿ ಹೋಗಿದ್ದರೆ ಬೇರೇನೋ ಅಡ್ಡ ಬರುತ್ತಿತ್ತು, ಮುಚ್ಚಿದ ಮೇಲೆ ಆ ವರ್ಷ ಬೇರೆ ಕೆಲಸವೇ ಸಿಗುತ್ತಿರಲಿಲ್ಲ ಎಂದು ನನ್ನ ಗಂಡ ಸಮಾಧಾನ ಹೇಳುತ್ತಿದ್ದರು. ಇರಬಹುದು. ಅದಕ್ಕೆ ಆಧಾರ ಇಲ್ಲ.

ನಂಜುಂಡ, ಮಂಗಳ, ಮಗಳು ಮೇ ತಿಂಗಳಲ್ಲಿ ಊರಿಗೆ ಹೊರಟರು. ಸೋಫಾವನ್ನು ಯಾರೋ ಒಯ್ದಿದ್ದರು, ನಾವು ಕಾರ್ಪೆಟ್ಟಿನ ಮೇಲೆ ಕೂತು ಕಾಫಿ ಕುಡಿದೆವು. ಮಂಗಳ ಉಪ್ಸಾರಿನ ಖಾರ ಅರೆಯುತ್ತಿದ್ದ ಸಣ್ಣ ಒರಳನ್ನು ನನಗೆ ಕೊಟ್ಟಳು, ಭಾರ, ವಿಮಾನದಲ್ಲಿ ಆಗಲ್ಲ ಎಂದು. ನಾನು ಕ್ಷಮಿಸು ಎಂಬ ಅರ್ಥದ ಏನೋ ಒಂದನ್ನು ಶುರು ಮಾಡಿದೆ. ಅವಳು ತಡೆದಳು. “ನೀವು ಒಳ್ಳೇದುಕ್ಕೇ ಏಳುದ್ರಿ ಅಕ್ಕ. ನಾನು ಬ್ಯಾಡ ಅಂದಿದ್ದೂ ಒಳ್ಳೇದುಕ್ಕೇ.” ಇಷ್ಟೇ. ಅದಕ್ಕಿಂತ ನಿಖರವಾಗಿ ಯಾರೂ ಹೇಳಲಾರರು. ಕಂಪ್ಯೂಟರಿಗೆ ಅಂಟಿಸಿದ್ದ ಕಾರ್ಡನ್ನು ನಂಜುಂಡ ನನಗೆ ವಾಪಸು ಕೊಟ್ಟ. ತಿದ್ದಿಕೊಳ್ಳಿ ಅಂದ. ಮನೆಗೆ ಬಂದು ಇಪ್ಪತ್ತನ್ನು ಹೊಡೆದು ಇಪ್ಪತ್ತೊಂದು ಎಂದು ಬರೆದೆ. ಎರಡು ಗೆರೆಗಳ ಕೆಳಗೆ ಮೂರನೆಯದೊಂದು ಎಳೆದು, ಹೆಸರು ಎಂದು ಬರೆದೆ.

ಅವನು ಮೈಸೂರಿನಲ್ಲಿ ಕೆಲಸ ಹಿಡಿದ, ಮಗಳು ಅಲ್ಲೇ ಬೆಳೆದ ಮೇಲೆ ಕನ್ನಡದಲ್ಲೇ ಜಗಳ ಆಡುತ್ತಾಳೆ ಎಂದು ಬರೆದಿದ್ದ. ಚೆನ್ನಾಗಿಯೇ ಇದ್ದಾರೆ. ನಾನು ಅದನ್ನು ನನ್ನ ಕಡೆಯ ವಾದವಾಗಿ ಬಳಸುವುದಿಲ್ಲ. ಪ್ರತಿ ವರ್ಷ ಜುಲೈ ಇಪ್ಪತ್ತರ ಸಂಜೆ ಎಂಟಕ್ಕೆ ನಾಲ್ಕು ನಿಮಿಷ ಇರುವಾಗ ಅವನಿಗೆ ಶುಭಾಶಯ ಕಳಿಸುತ್ತೇನೆ. ಅಲ್ಲಿ ಇಪ್ಪತ್ತೊಂದರ ಬೆಳಿಗ್ಗೆ. ಅವನು ಪ್ರತಿ ವರ್ಷ ಒಂದೇ ಉತ್ತರ ಕಳಿಸುತ್ತಾನೆ: ಇವತ್ತು ಯಾರು ಸತ್ತರು?

ಈ ಸಲವೂ ಹಲ್ಲಿನ ಡಾಕ್ಟರ ಹತ್ತಿರದಿಂದ ಬಂದು, ಅರ್ಧ ಬಾಯಿ ಮರಗಟ್ಟಿದ್ದು ಸರಿಹೋಗುವವರೆಗೆ ಕಾದು, ಸಂಜೆ ಹಿತ್ತಿಲಿನಲ್ಲಿ ಕೂತೆ. ಮಾರ್ಗನ್ ಹಿಲ್‌ನಲ್ಲಿ ಆ ಹೊತ್ತಿಗೆ ಇನ್ನೂ ಬಿಸಿಲು ಇರುತ್ತದೆ, ಬೆಟ್ಟದ ಮೇಲ್ಭಾಗ ಮಾತ್ರ ಕೆಂಪಗೆ. ಸಮಯ ನೋಡಿ ಶುಭಾಶಯ ಕಳಿಸಿದೆ. ಬೆಳಗಿನ ಪ್ರಶ್ನೆ ಇನ್ನೂ ಹಾಗೇ ಇತ್ತು, ಎರಡನೆಯ ಉತ್ತರ ಒತ್ತಿದೆ. ಸರಿ ಎಂದು ಹಸಿರು ಬಂತು.

ನಂಜುಂಡನ ಉತ್ತರ ಬರಲು ತಡವಾಯಿತು. ಬರೆಯದೆ ದನಿಯಲ್ಲೇ ಕಳಿಸಿದ್ದ.

“ಮೇಷ್ಟ್ರಮ್ಮ, ನಮ್ಮವ್ವ ಓದ್ ತಿಂಗ್ಳು ಓಗ್ಬುಡ್ತು. ನಿಮ್ಗೆ ಏಳಕ್ಕಾಗ್ನಿಲ್ಲ. ನಿದ್ದೇಲೇ, ಕಷ್ಟ ಏನೂ ಪಡ್ನಿಲ್ಲ. ಡೆತ್ ಸರ್ಟಿಫಿಕೇಟ್ಗೆ ಅವ್ವನ ಡೇಟ್ ಆಫ್ ಬರ್ತ್ ಕೇಳುದ್ರು. ಯಾರ್ಗೊತ್ತು? ಕೇಳಾಕೆ ಅವ್ವಾನೇ ಇಲ್ಲ. ಜೂನ್ ಒಂದು ಅಂತ ಬರ್ಸುಬುಟ್ಟೆ. ನೀವಿದ್ದಿದ್ರೆ ಎರಡು ಆಧಾರ ಕೇಳ್ತಿದ್ರಿ.”

ಕೊನೆಗೆ ಸ್ವಲ್ಪ ನಕ್ಕಿದ್ದು ಕೇಳಿಸಿತು, ಹಿಂದೆ ಎಲ್ಲೋ ಕುಕ್ಕರಿನ ಸೀಟಿ. ಎರಡು ಸಲ ಕೇಳಿಸಿಕೊಂಡೆ. ಬೆಟ್ಟದ ಕೆಂಪು ಹೋಗಿ ಚಂದ್ರ ಬರುತ್ತದೋ ಎಂದು ನೋಡಿದೆ. ಆಮೇಲೆ ಫೋನು ಹತ್ತಿರ ಹಿಡಿದು, ಸರಿಯಾಗಿ ಬರೆಸಿದ್ದೀಯ ಎಂದು ಹೇಳಿದೆ.